1821ರ ಬಿಡುಗಡೆ, 1947ರ ಅಚ್ಚು: ಹಾಸನದಲ್ಲಿ ಸಿಕ್ಕ ಮೆಕ್ಸಿಕೊದ ಚಿನ್ನದ ನಾಣ್ಯ

ಹಾಸನದ ಬಿ.ಎಂ. ರಸ್ತೆಯ ಚಿನ್ನಬೆಳ್ಳಿ ಅಂಗಡಿಯೊಂದರ ಗಾಜಿನ ಪೆಟ್ಟಿಗೆಯಲ್ಲಿ, ಲಕ್ಷ್ಮಿ ಕಾಸುಗಳಿಗೂ ಮಕ್ಕಳ ಬೆಳ್ಳಿ ಕಾಲ್ಗಡಗಗಳಿಗೂ ನಡುವೆ, "1947 ಸ್ವಾತಂತ್ರ್ಯದ ಸ್ಮಾರಕ ನಾಣ್ಯ, ಅಪರೂಪ, 41.6 ಗ್ರಾಂ ಚಿನ್ನ" ಎಂದು ಬಾಲ್‌ಪೆನ್ನಿನಲ್ಲಿ ಬರೆದ ಚೀಟಿಯೊಂದು 2024ರ ಜನವರಿಯಲ್ಲಿ ನನ್ನ ಕಣ್ಣಿಗೆ ಬಿತ್ತು. ಚೀಟಿಯ ಹಿಂದೆ ಇದ್ದ ನಾಣ್ಯ ಹಳೆಯ ಒಂದು ರೂಪಾಯಿಗಿಂತ ಬಹಳ ದೊಡ್ಡದು, ಬಣ್ಣದಲ್ಲಿ ನಮ್ಮ ಒಡವೆಗಳಿಗಿಂತ ಒಂದಿಷ್ಟು ಕೆಂಪು. ರೆಕ್ಕೆ ಬಿಚ್ಚಿ ನಿಂತ ಹೆಣ್ಣಿನ ಮೂರ್ತಿಯ ಒಂದು ಬದಿಗೆ 1821 ಎಂದೂ ಇನ್ನೊಂದು ಬದಿಗೆ 1947 ಎಂದೂ ಇತ್ತು. ಮೂವತ್ತು ವರ್ಷಗಳಿಂದ ನಾಣ್ಯಗಳ ಹುಚ್ಚು ಹಚ್ಚಿಕೊಂಡಿರುವ ನನಗೆ ಅದು ಏನೆಂದು ತಿಳಿಯಲು ಹೊತ್ತು ಹಿಡಿಯಲಿಲ್ಲ. ಆದರೆ ಅದನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲು. ಒಂದೂಕಾಲು ವರ್ಷ ಅದನ್ನು ಮನೆಯಲ್ಲಿಟ್ಟುಕೊಂಡು, ತೂಗಿ, ಒರೆ ಹಚ್ಚಿಸಿ, ಮಾರಲು ಹೋದರೆ ಏನಾಗುತ್ತದೆಂದು ಕೇಳಿಯೂ ನೋಡಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ನಾಣ್ಯ ಅದ್ಭುತವಾದದ್ದು, ಚೀಟಿಯ ಒಂದು ಮಾತೂ ಪೂರ್ತಿ ನಿಜವಲ್ಲ.

ಇದರ ಹೆಸರು ಸೆಂಟೆನಾರಿಯೊ, ಅಂದರೆ ಶತಮಾನೋತ್ಸವದ ನಾಣ್ಯ. ಮೆಕ್ಸಿಕೊ ದೇಶ ಸ್ಪೇನಿನ ಆಳ್ವಿಕೆಯಿಂದ 1821ರಲ್ಲಿ ಬಿಡುಗಡೆ ಹೊಂದಿ ನೂರು ವರ್ಷ ತುಂಬಿದ ನೆನಪಿಗೆ 1921ರಲ್ಲಿ ಅಲ್ಲಿನ ಟಂಕಸಾಲೆ ಇದನ್ನು 50 ಪೆಸೊ ಮುಖಬೆಲೆಯಲ್ಲಿ ಅಚ್ಚು ಹಾಕಿತು. ನಮ್ಮ ದೇಶದ ಸ್ವಾತಂತ್ರ್ಯಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. 1947ರಲ್ಲಿ ನಮ್ಮವರ ಜೇಬಿನಲ್ಲಿದ್ದ ಆ ವರ್ಷದ ಹೊಸ ರೂಪಾಯಿ ನಿಕ್ಕಲ್ಲಿನದು. ಅದರ ಒಂದು ಬದಿಯಲ್ಲಿ ಆರನೆಯ ಜಾರ್ಜ್ ದೊರೆ, ಇನ್ನೊಂದು ಬದಿಯಲ್ಲಿ ಹುಲಿ. ಅಶೋಕ ಸ್ತಂಭದ ಸಿಂಹಗಳು ನಮ್ಮ ನಾಣ್ಯಕ್ಕೆ ಬಂದದ್ದು 1950ರ ಆಗಸ್ಟ್ 15ರಂದು. ಸ್ವಾತಂತ್ರ್ಯದ ಬೆಳ್ಳಿಹಬ್ಬಕ್ಕೆ 1972ರಲ್ಲಿ ಬೆಳ್ಳಿ ಬೆರೆಸಿದ 10 ರೂಪಾಯಿಯ ನಾಣ್ಯವೂ 1997ರ ಸುವರ್ಣಹಬ್ಬಕ್ಕೆ 50 ರೂಪಾಯಿಯ ನಾಣ್ಯವೂ ಹೊರಬಂದವು. ಸುವರ್ಣಹಬ್ಬದ ನಾಣ್ಯದಲ್ಲಿಯೂ ಸುವರ್ಣ ಇರಲಿಲ್ಲ.

ಹಾಗಾದರೆ ಅಂಗಡಿಯವರು ಎಡವಿದ್ದು ಎಲ್ಲಿ ಎಂದರೆ, ನಾಣ್ಯದ ಅಂಚಿನಲ್ಲಿ. ದಪ್ಪನೆಯ ಅಂಚಿನ ಸುತ್ತ "ಇಂಡಿಪೆಂಡೆನ್ಸಿಯಾ ಇ ಲಿಬರ್ತಾದ್" ಎಂಬ ಸ್ಪ್ಯಾನಿಷ್ ಮಾತು, ಸ್ವಾತಂತ್ರ್ಯ ಮತ್ತು ವಿಮೋಚನೆ ಎಂಬ ಅರ್ಥದಲ್ಲಿ, ರೋಮನ್ ಅಕ್ಷರಗಳಲ್ಲಿದೆ. ಮಾಲೀಕರು ನಾಣ್ಯವನ್ನು ಹೆಬ್ಬೆರಳಿನಿಂದ ನಿಧಾನವಾಗಿ ತಿರುಗಿಸುತ್ತ ಮೊದಲಿನ ಕೆಲವು ಅಕ್ಷರಗಳನ್ನು ಓದಿ, "ನೋಡಿ ಸಾರ್, ಇಂಡಿಯಾ ಇಂಡಿಪೆಂಡೆನ್ಸ್ ಅಂತಲೇ ಇದೆಯಲ್ಲ, ಪಕ್ಕದಲ್ಲಿ ನಲವತ್ತೇಳೂ ಇದೆ" ಎಂದರು. ಅವರ ಮುಖದಲ್ಲಿ ಮೋಸವಿರಲಿಲ್ಲ. ವಿದೇಶದಲ್ಲಿದ್ದು ಊರಿಗೆ ಮರಳಿದ ಕುಟುಂಬವೊಂದು ಇದನ್ನು ರಸೀದಿ ಸಮೇತ ಮಾರಿತ್ತಂತೆ. ಬೇರೆಯವರಾಗಿದ್ದರೆ ಅಂದೇ ಕರಗಿಸಿಬಿಡುತ್ತಿದ್ದರು, ಇವರು ಆ ನಲವತ್ತೇಳರ ಮೇಲಿನ ಗೌರವಕ್ಕೆ ಉಳಿಸಿಕೊಂಡಿದ್ದರು. ತಪ್ಪು ಓದಿದ್ದರಿಂದ ನಾಣ್ಯ ಬದುಕಿತು ಎನ್ನುವುದನ್ನು ನಾನು ಅವರ ಲೆಕ್ಕಕ್ಕೆ ಜಮೆ ಮಾಡಲೇಬೇಕು.

ಮೂರ್ತಿಯ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳುವುದು ಅಗತ್ಯ, ಏಕೆಂದರೆ ಹಣ ಕೊಡುವವರು ಕೊಡುವುದು ಅರ್ಧ ಚಿನ್ನಕ್ಕಾದರೆ ಅರ್ಧ ಈ ಚಿತ್ರಕ್ಕೆ. ಮೆಕ್ಸಿಕೊದ ಜನ ತಮ್ಮ ಹೋರಾಟದ ಆರಂಭವನ್ನು 1810ರ ಸೆಪ್ಟೆಂಬರ್ 16ರಿಂದ ಎಣಿಸುತ್ತಾರೆ. ಅಂದು ಡೊಲೊರೆಸ್ ಎಂಬ ಊರಿನ ಪಾದ್ರಿ ಮಿಗೆಲ್ ಹಿಡಾಲ್ಗೊ ಇಗರ್ಜಿಯ ಗಂಟೆ ಬಾರಿಸಿ ಜನರನ್ನು ದಂಗೆಗೆ ಕರೆದರು. ಹೋರಾಟ ಹನ್ನೊಂದು ವರ್ಷ ನಡೆದು 1821ರ ಸೆಪ್ಟೆಂಬರ್ 27ರಂದು ವಿಮೋಚನಾ ಸೇನೆ ಮೆಕ್ಸಿಕೊ ನಗರವನ್ನು ಪ್ರವೇಶಿಸುವುದರೊಂದಿಗೆ ಮುಗಿಯಿತು. ಹೀಗಾಗಿ ಆ ದೇಶಕ್ಕೆ ಎರಡು ಶತಮಾನೋತ್ಸವಗಳು ಬಂದವು. ಮೊದಲನೆಯದಕ್ಕೆ, 1910ರಲ್ಲಿ, ರಾಜಧಾನಿಯ ಪಾಸಿಯೊ ದೆ ಲಾ ರಿಫಾರ್ಮಾ ಎಂಬ ದೊಡ್ಡ ಬೀದಿಯಲ್ಲಿ ಎತ್ತರದ ಕಂಬವೊಂದನ್ನು ನಿಲ್ಲಿಸಿ ಅದರ ತುದಿಯಲ್ಲಿ ರೆಕ್ಕೆಯ ವಿಜಯದೇವತೆಯನ್ನು ಇರಿಸಿದರು. ಜನ ಅದನ್ನು ದೇವದೂತ ಎಂದೇ ಕರೆಯುತ್ತಾರೆ. ಎರಡನೆಯದಕ್ಕೆ, 1921ರಲ್ಲಿ, ಅದೇ ದೇವತೆಯನ್ನು ಕಂಬದಿಂದ ಇಳಿಸಿ ಚಿನ್ನಕ್ಕೆ ತಂದರು. 1957ರ ಭೂಕಂಪದಲ್ಲಿ ಕಂಬದ ಮೇಲಿನ ಮೂರ್ತಿ ಕೆಳಗೆ ಬಿದ್ದು ಒಡೆಯಿತು, ಮತ್ತೆ ದುರಸ್ತಿ ಮಾಡಿ ನಿಲ್ಲಿಸಿದರು. ನಾಣ್ಯದ ಮೇಲಿನ ಮೂರ್ತಿ ಮಾತ್ರ ಆ ದಿನವೂ ಎಷ್ಟೋ ಪೆಟ್ಟಿಗೆಗಳಲ್ಲಿ ಅಲುಗಾಡದೆ ಇದ್ದಿರಬೇಕು.

ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ನೋಡಿದರೆ ಅಚ್ಚು ಕೆತ್ತಿದ ಎಮಿಲಿಯೊ ಡೆಲ್ ಮೊರಾಲ್ ಅವರ ಕೈಚಳಕ ತಿಳಿಯುತ್ತದೆ. ದೇವತೆಯ ಎತ್ತಿದ ಬಲಗೈಯಲ್ಲಿ ಎಲೆಯ ಮಾಲೆ ಇದೆ. ಎಡಗೈಯಲ್ಲಿ ತುಂಡಾದ ಸರಪಳಿ ಇದೆ. ಸರಪಳಿಯ ಕೊಂಡಿಗಳು ಅಕ್ಕಿ ಕಾಳಿಗಿಂತ ದೊಡ್ಡವಲ್ಲ, ಆದರೂ ಒಂದರೊಳಗೊಂದು ಹೇಗೆ ಹೊಕ್ಕಿವೆ ಎನ್ನುವುದು ಸ್ಪಷ್ಟವಾಗಿ ಕಾಣುತ್ತದೆ. ಬೆನ್ನ ಹಿಂದೆ ಪೊಪೊಕಾಟೆಪೆಟ್ಲ್ ಮತ್ತು ಇಸ್ತಾಸಿವಾಟ್ಲ್ ಎಂಬ ಎರಡು ಜ್ವಾಲಾಮುಖಿ ಪರ್ವತಗಳು, ನಮ್ಮಲ್ಲಿ ಮಂಜು ಕವಿದ ಬೆಳಿಗ್ಗೆ ಮುಳ್ಳಯ್ಯನಗಿರಿಯ ಸಾಲು ಕಾಣುವಷ್ಟೇ ತೆಳುವಾಗಿ, ಮೇಲೆದ್ದೂ ಏಳದಂತೆ ನಿಂತಿವೆ. ನಾಣ್ಯದ ಹಿಂಬದಿಯಲ್ಲಿ ಪಾಪಾಸುಕಳ್ಳಿಯ ಮೇಲೆ ಕುಳಿತು ಹಾವನ್ನು ಕೊಕ್ಕಿನಲ್ಲಿ ಹಿಡಿದ ಹದ್ದು, ಆ ದೇಶದ ಲಾಂಛನ. ಇಂಥ ಹದ್ದು ಕಂಡ ಜಾಗದಲ್ಲಿಯೇ ರಾಜಧಾನಿ ಕಟ್ಟಬೇಕೆಂಬ ದೈವವಾಣಿ ಅಜ್ಟೆಕರಿಗೆ ಆಗಿತ್ತೆಂಬುದು ಅಲ್ಲಿನ ಐತಿಹ್ಯ. ನಮ್ಮ ಮನೆಯಲ್ಲಿ ಇದನ್ನು ಮೊದಲು ನೋಡಿದ ನನ್ನ ತಾಯಿ ಗರುಡ ಎಂದು ಕಣ್ಣಿಗೊತ್ತಿಕೊಂಡರು. ಬೇಲೂರಿನಲ್ಲಿ ಚೆನ್ನಕೇಶವನ ಎದುರು ಕೈಮುಗಿದು ನಿಂತ ಗರುಡನಿಗೂ ಈ ಹದ್ದಿಗೂ ಸ್ವಭಾವದಲ್ಲಿ ಬಹಳ ವ್ಯತ್ಯಾಸವಿದೆ. ಇದು ಯಾರಿಗೂ ಕೈಮುಗಿಯುವ ಹಕ್ಕಿಯಲ್ಲ.

ಇನ್ನು ತೂಕ. ನನ್ನ ಅಭಿಪ್ರಾಯದಲ್ಲಿ ಈ ನಾಣ್ಯದ ಅತ್ಯಂತ ದೊಡ್ಡ ಗುಣ ಇಲ್ಲಿದೆ, ಅಂಗಡಿಯವರಿಗೂ ನನಗೂ ಚರ್ಚೆ ನಡೆದದ್ದೂ ಇದೇ ವಿಷಯದಲ್ಲಿ. ದೇವತೆಯ ಒಂದು ಪಕ್ಕದಲ್ಲಿ "50 ಪೆಸೊ" ಎಂದಿದ್ದರೆ ಇನ್ನೊಂದು ಪಕ್ಕದಲ್ಲಿ "37.5 ಗ್ರಾಂ ಒರೊ ಪುರೊ" ಎಂದಿದೆ. ಒರೊ ಪುರೊ ಎಂದರೆ ಶುದ್ಧ ಚಿನ್ನ, ನಮ್ಮ ಹಳೆಯ ಮಾತಿನಲ್ಲಿ ಅಪರಂಜಿ. ನಾಣ್ಯದ ಒಟ್ಟು ತೂಕ 41.67 ಗ್ರಾಂ, ಅದರಲ್ಲಿ ನೂರಕ್ಕೆ ತೊಂಬತ್ತು ಪಾಲು ಚಿನ್ನ, ಉಳಿದ ಹತ್ತು ಪಾಲು ತಾಮ್ರ. ಅಂದರೆ 37.5 ಗ್ರಾಂ ಅಪರಂಜಿಗೆ ಸವೆಯದಿರಲೆಂದು 4.17 ಗ್ರಾಂ ತಾಮ್ರ ಬೆರೆಸಿದ್ದಾರೆ, ಆ ಕೆಂಪು ಬಣ್ಣ ಬಂದದ್ದೂ ಅದರಿಂದಲೇ. 37.5 ಎಂಬ ಸಂಖ್ಯೆಯೂ ಸುಮ್ಮನೆ ಬಂದದ್ದಲ್ಲ. 1905ರಲ್ಲಿ ಮೆಕ್ಸಿಕೊ ತನ್ನ ಹಣದ ವ್ಯವಸ್ಥೆಯನ್ನು ಸರಿಪಡಿಸಿದಾಗ ಒಂದು ಪೆಸೊ ಎಂದರೆ 0.75 ಗ್ರಾಂ ಶುದ್ಧ ಚಿನ್ನ ಎಂದು ಕಾನೂನು ಮಾಡಿತ್ತು. ಅದನ್ನು ಐವತ್ತರಿಂದ ಗುಣಿಸಿದರೆ ಬರುವುದೇ ಈ ತೂಕ. ಮುಂದೆ ಪೆಸೊ ಚಿನ್ನದ ಕಟ್ಟು ಬಿಚ್ಚಿಕೊಂಡು ತೇಲಿಹೋಯಿತು. 1943ರಲ್ಲಿ ಅಚ್ಚು ಹಾಕಿದ ನಾಣ್ಯಗಳಲ್ಲಂತೂ 50 ಪೆಸೊ ಎಂಬ ಮುಖಬೆಲೆಯನ್ನೇ ಕೈಬಿಟ್ಟು, ಆ ಜಾಗದಲ್ಲಿಯೂ ಚಿನ್ನದ ತೂಕವನ್ನೇ ಬರೆದರು.

ಅಂಗಡಿಯವರು ಮೊದಲು ಹೇಳಿದ ಬೆಲೆಯನ್ನು ಲೆಕ್ಕ ಹಾಕಿದ ರೀತಿ ಹೀಗಿತ್ತು: ಅಂದು 24 ಕ್ಯಾರೆಟ್ ಚಿನ್ನಕ್ಕೆ ಅವರ ದರ ಗ್ರಾಂಗೆ 6,300 ರೂಪಾಯಿ, ಅದನ್ನು 41.6ರಿಂದ ಗುಣಿಸಿ 2,62,080. ಅದರ ಮೇಲೆ "ಅಪರೂಪ" ಎಂಬ ಬಾಬ್ತಿಗೆ 20,000. ಅಂದರೆ ತಾಮ್ರಕ್ಕೂ ಚಿನ್ನದ ದರ, ಜೊತೆಗೆ ನಲವತ್ತೇಳಕ್ಕೆ ಕಾಣಿಕೆ. ನಾನು ವಾದ ಮಾಡಲು ಹೋಗದೆ ನಾಣ್ಯವನ್ನು ಅವರ ಕಡೆ ತಿರುಗಿಸಿ, 37.5 ಎಂಬ ಅಂಕಿಯ ಮುಂದೆ ಇರುವ ಎರಡು ಪದಗಳ ಅರ್ಥವನ್ನು ಅವರ ಫೋನಿನಲ್ಲಿಯೇ ನೋಡಲು ಕೇಳಿಕೊಂಡೆ. ಅವರ ಮಗ ನೋಡಿ, ತಂದೆಯ ಕಿವಿಯಲ್ಲಿ ಏನೋ ಹೇಳಿದ. ಆಮೇಲೆ ಅವರು ಕ್ಯಾಲ್ಕ್ಯುಲೇಟರನ್ನು ಸೊನ್ನೆ ಮಾಡಿ, 37.5ನ್ನು 6,300ರಿಂದ ಗುಣಿಸಿ 2,36,250 ಎಂದು ತೋರಿಸಿ, ಒಂದು ಲೋಟ ಕಾಫಿ ತರಿಸಿದರು. ಕರಗಿಸದೆ ಇಟ್ಟುಕೊಂಡದ್ದಕ್ಕೆಂದು ನೂರಕ್ಕೆ ನಾಲ್ಕರಂತೆ 9,450 ರೂಪಾಯಿ ಹೆಚ್ಚು ಕೊಡಲು ನಾನೇ ಒಪ್ಪಿದೆ. ಶೇಕಡಾ 3ರ ಜಿಎಸ್‌ಟಿ ಸೇರಿ 2,53,071 ಆಯಿತು. ನಮ್ಮ ತೋಟದ ಆ ವರ್ಷದ ಅರೇಬಿಕಾ ಕಾಫಿ ಮಾರಿದ ಹಣ ಆಗಷ್ಟೇ ಬಂದಿತ್ತು ಎನ್ನುವುದನ್ನು ಬಿಟ್ಟರೆ ಇಷ್ಟು ದೊಡ್ಡ ಮೊತ್ತವನ್ನು ಒಂದೇ ನಾಣ್ಯಕ್ಕೆ ಸುರಿದದ್ದಕ್ಕೆ ಬೇರೆ ಸಮರ್ಥನೆ ನನ್ನಲ್ಲಿಲ್ಲ. ಒಡವೆಯಾಗಿದ್ದರೆ ಇದೇ ತೂಕಕ್ಕೆ ಮಜೂರಿ, ವೇಸ್ಟೇಜ್ ಎಂದು ಇದಕ್ಕಿಂತ ಬಹಳ ಹೆಚ್ಚು ಕಳೆದುಕೊಳ್ಳುತ್ತಿದ್ದೆ ಎಂಬ ಮಾತನ್ನು ಮನೆಯಲ್ಲಿ ಹೇಳಿದೆ. ಒಡವೆಯಾಗಿದ್ದರೆ ಹಾಕಿಕೊಳ್ಳಬಹುದಿತ್ತು ಎಂಬ ಉತ್ತರ ಬಂತು.

ಅಸಲಿಯೋ ನಕಲಿಯೋ ಎಂಬ ಪ್ರಶ್ನೆ ಇಷ್ಟು ಪ್ರಸಿದ್ಧವಾದ ನಾಣ್ಯಕ್ಕೆ ಸಹಜ. ಖರೀದಿಗೆ ಮೊದಲೇ ಪರಿಚಯದ ಇನ್ನೊಂದು ಅಂಗಡಿಯ ಕ್ಯಾರೆಟ್ ಮೀಟರಿನಲ್ಲಿ ಇಡಿಸಿದಾಗ ಚಿನ್ನ 90, ತಾಮ್ರ 10ರ ಆಸುಪಾಸು ತೋರಿಸಿತು. ಆದರೆ ಆ ಯಂತ್ರ ನೋಡುವುದು ಮೇಲ್ಮೈಯನ್ನು ಮಾತ್ರ; ಒಳಗೆ ಬೇರೆ ಲೋಹ ತುಂಬಿ ಮೇಲೆ ದಪ್ಪ ಚಿನ್ನ ಹೊದಿಸಿದ್ದರೆ ಅದಕ್ಕೆ ತಿಳಿಯದು. ಆದ್ದರಿಂದ ಮನೆಗೆ ತಂದ ಸಂಜೆಯೇ ಹಳೆಯ ಪರೀಕ್ಷೆಯೊಂದನ್ನು ಮಾಡಿದೆ. ಸಣ್ಣ ಡಿಜಿಟಲ್ ತಕ್ಕಡಿಯ ಮೇಲೆ ನೀರು ತುಂಬಿದ ಲೋಟವನ್ನಿಟ್ಟು, ಅಂಕಿಯನ್ನು ಸೊನ್ನೆಗೆ ತಂದು, ನಾಣ್ಯಕ್ಕೆ ಹೊಲಿಗೆಯ ದಾರವನ್ನು ಅಡ್ಡಡ್ಡ ಕಟ್ಟಿ, ತಳಕ್ಕೂ ಗೋಡೆಗೂ ತಾಗದಂತೆ ನೀರಿನಲ್ಲಿ ತೂಗುಬಿಟ್ಟೆ. ತಕ್ಕಡಿ 2.42 ತೋರಿಸಿತು. ನಾಣ್ಯ ಪಕ್ಕಕ್ಕೆ ಸರಿಸಿದ ನೀರಿನ ತೂಕ ಅದು. 41.66ನ್ನು 2.42ರಿಂದ ಭಾಗಿಸಿದರೆ 17.2, ತೊಂಬತ್ತಕ್ಕೆ ಹತ್ತರಂತೆ ಚಿನ್ನ ತಾಮ್ರ ಬೆರೆತರೆ ಇರಬೇಕಾದ ಸಾಂದ್ರತೆ ಅಷ್ಟೇ. ಹಿತ್ತಾಳೆಯಾಗಿದ್ದರೆ ಎಂಟೂವರೆಯ ಹತ್ತಿರ, ಸೀಸವಾಗಿದ್ದರೆ ಹನ್ನೊಂದರ ಹತ್ತಿರ ನಿಲ್ಲುತ್ತಿತ್ತು. ವರ್ನಿಯರ್ ಮಾಪಕದಲ್ಲಿ ಅಡ್ಡಳತೆ ಸರಿಯಾಗಿ 37 ಮಿಲಿಮೀಟರ್. ತೂಕ, ಅಡ್ಡಳತೆ, ಸಾಂದ್ರತೆ, ಅಂಚಿನ ಅಕ್ಷರ ಈ ನಾಲ್ಕೂ ಕೂಡಿಬಂದ ಮೇಲೆ ನನಗೆ ನಿದ್ದೆ ಬಂತು.

ಈಗ "ಅಪರೂಪ" ಎಂಬ ಮಾತಿಗೆ ಬರುತ್ತೇನೆ. ಕೊಳ್ಳುವವರು ಮೋಸಹೋಗುವುದು ಹೆಚ್ಚಾಗಿ ಇಲ್ಲಿಯೇ. ಸೆಂಟೆನಾರಿಯೊ 1921ರಿಂದ 1931ರವರೆಗೆ ಪ್ರತಿ ವರ್ಷವೂ ಆಯಾ ವರ್ಷದ ಅಂಕಿಯೊಂದಿಗೆ ಬಂತು, ಮತ್ತೆ 1943ರಿಂದ 1947ರವರೆಗೆ ಬಂತು. ಆಮೇಲೆ 1949ರಿಂದ 1972ರವರೆಗೂ ಟಂಕಸಾಲೆ ಇದೇ ನಾಣ್ಯವನ್ನು ಅಚ್ಚು ಹಾಕುತ್ತ ಹೋಯಿತು, ಆದರೆ ವರ್ಷದ ಅಂಕಿಯನ್ನು ಬದಲಿಸದೆ 1947 ಎಂದೇ ಉಳಿಸಿಕೊಂಡಿತು. ಹೀಗೆ ಮರುಅಚ್ಚಾದವು ಸುಮಾರು 40 ಲಕ್ಷ. 1921ರ ಮೊದಲ ಅಚ್ಚಿನವು 1,80,000 ಮಾತ್ರ. ಸಂಗ್ರಾಹಕರು ಹೆಚ್ಚು ಹಣ ಕೊಡುವುದು ಅದಕ್ಕೆ, 1931ರದ್ದಕ್ಕೂ ಒಂದಿಷ್ಟು. ಆದ್ದರಿಂದ 1947 ಎಂಬ ಅಂಕಿ ಇರುವ ಸೆಂಟೆನಾರಿಯೊ ಆ ಇಡೀ ಸರಣಿಯಲ್ಲಿಯೇ ಅತ್ಯಂತ ಸಾಮಾನ್ಯವಾದದ್ದು. ನನ್ನ ಕೈಯಲ್ಲಿರುವುದು ನಿಜವಾಗಿಯೂ 1947ರಲ್ಲಿ ಹುಟ್ಟಿದ್ದೋ 1965ರಲ್ಲೋ ಎಂದು ಅದರ ಮುಖ ನೋಡಿ ಹೇಳಲಾಗುವುದಿಲ್ಲ. ನಮ್ಮವರಿಗೆ ಪವಿತ್ರವಾದ ವರ್ಷವೇ ಈ ನಾಣ್ಯದ ಮೇಲೆ ಅತಿ ಅಗ್ಗದ ವರ್ಷವಾಗಿ ಕುಳಿತಿದೆ. ಸ್ಮಾರಕ ನಾಣ್ಯವೊಂದನ್ನು ಅರ್ಧ ಶತಮಾನದವರೆಗೆ ಅಚ್ಚು ಹಾಕುತ್ತಲೇ ಇದ್ದರೆ ಅದರ ಸ್ಮಾರಕತ್ವ ಉಳಿಯುತ್ತದೆಯೇ ಎಂದು ಕೇಳುವವರಿದ್ದಾರೆ. ನನಗೆ ಅದು ದೋಷವಾಗಿ ಕಾಣುವುದಿಲ್ಲ. ಅಮೆರಿಕ ತನ್ನ ಸ್ವಾತಂತ್ರ್ಯದ ನೂರೈವತ್ತನೆಯ ವರ್ಷಕ್ಕೆ 1926ರಲ್ಲಿ ಎರಡೂವರೆ ಡಾಲರಿನ ಚಿನ್ನದ ನಾಣ್ಯವನ್ನು ಎರಡು ಲಕ್ಷದಷ್ಟು ಅಚ್ಚು ಹಾಕಿ, ಮಾರಾಟವಾಗದೆ ಉಳಿದ ಮುಕ್ಕಾಲು ಪಾಲನ್ನು ಮತ್ತೆ ಕರಗಿಸಿತು. ಅಂಥ ಅಪರೂಪಕ್ಕಿಂತ ಇಂಥ ಸಾಮಾನ್ಯ ನಾಣ್ಯವೇ ಮೇಲು.

ಬಿಡುಗಡೆಯ ಸಂತೋಷವನ್ನು ಚಿನ್ನದ ಮೇಲೆ ಒತ್ತುವುದು ನಮ್ಮ ಜಿಲ್ಲೆಗೆ ಹೊಸದೂ ಅಲ್ಲ. ಹೊಯ್ಸಳ ವಿಷ್ಣುವರ್ಧನ ಹನ್ನೆರಡನೆಯ ಶತಮಾನದ ಆರಂಭದಲ್ಲಿ ಚೋಳರಿಂದ ತಲಕಾಡನ್ನು ಬಿಡಿಸಿಕೊಂಡ ಮೇಲೆ "ಶ್ರೀ ತಳಕಾಡುಗೊಂಡ" ಎಂದು ಕನ್ನಡ ಅಕ್ಷರಗಳಲ್ಲಿ ಬರೆಸಿ ಚಿನ್ನದ ನಾಣ್ಯ ಹೊರಡಿಸಿದ. ಅದೇ ಗೆಲುವಿನ ನೆನಪಿಗೆ ಬೇಲೂರಿನ ದೇವಾಲಯ ಕಟ್ಟಿಸಿದನೆಂಬ ಮಾತೂ ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಹೊಯ್ಸಳರ ನಾಣ್ಯ ಬೆರಳ ತುದಿಯಷ್ಟು, ಆದರೆ ಅದರ ಮೇಲಿನ ಮಾತು ಗೆದ್ದವನ ಮಾತು. ಸೆಂಟೆನಾರಿಯೊದ ಮೇಲೆ ಯಾವ ದೊರೆಯ ಹೆಸರೂ ಇಲ್ಲ, ಯಾವ ಸೇನಾಪತಿಯ ಮುಖವೂ ಇಲ್ಲ. ನಾಣ್ಯಗಳಲ್ಲಿ ಮುಖಗಳನ್ನೇ ನೋಡಿ ಬೇಸತ್ತ ನನಗೆ ಇದು ಬಹಳ ಹಿಡಿಸಿತು.

ಇಷ್ಟು ಹೊಗಳಿದ ಮೇಲೆ ತೊಂದರೆಗಳನ್ನೂ ಹೇಳಬೇಕು, ಅವು ಸಣ್ಣವಲ್ಲ. ಹಾಸನದಂಥ ಊರಿನಲ್ಲಿ ಇದನ್ನು ಮಾರುವುದು ಕಷ್ಟ. ಕಳೆದ ವರ್ಷ ಹಾಸನಾಂಬೆಯ ಬಾಗಿಲು ತೆರೆದ ದಿನಗಳಲ್ಲಿ, ಚಿನ್ನದ ಅಂಗಡಿಗಳೆಲ್ಲ ತುಂಬಿ ತುಳುಕುತ್ತಿದ್ದಾಗ, ಸುಮ್ಮನೆ ಬೆಲೆ ತಿಳಿಯಲು ಬೇರೊಂದು ಅಂಗಡಿಗೆ ಒಯ್ದೆ. ಅಲ್ಲಿನವರು ನಾಣ್ಯವನ್ನು ಎರಡೂ ಬದಿ ತಿರುಗಿಸಿ, ಹಾಲ್‌ಮಾರ್ಕ್ ಎಲ್ಲಿ ಎಂದು ಕೇಳಿದರು. ನಮ್ಮ ಹಾಲ್‌ಮಾರ್ಕಿನ ದರ್ಜೆಗಳಲ್ಲಿ, ಸಾವಿರ ಪಾಲಿನಲ್ಲಿ ಚಿನ್ನ ಎಷ್ಟು ಎಂಬ ಲೆಕ್ಕದಲ್ಲಿ, 916 ಇದೆ, ಅದರ ಕೆಳಗೆ 833, ಅಂದರೆ 20 ಕ್ಯಾರೆಟ್, ಇದೆ. 900 ಎಂಬ ದರ್ಜೆಯೇ ಇಲ್ಲ, ಮೆಕ್ಸಿಕೊದಲ್ಲಿ ಹುಟ್ಟಿದ ನಾಣ್ಯಕ್ಕೆ ಆರು ಅಂಕಿ ಅಕ್ಷರದ ಗುರುತು ಸಂಖ್ಯೆಯಂತೂ ಇರಲು ಸಾಧ್ಯವಿಲ್ಲ. "916 ಅಲ್ಲ ಅಂದಮೇಲೆ ನಾವು 20 ಕ್ಯಾರೆಟ್ ಲೆಕ್ಕಕ್ಕೇ ತಗೊಳ್ಳೋದು" ಎಂದರು. 21.6 ಕ್ಯಾರೆಟ್ಟಿನ ಚಿನ್ನವನ್ನು 20ಕ್ಕೆ ಇಳಿಸಿದರೆ ಒಂದೇ ಏಟಿಗೆ ಸುಮಾರು ಎರಡೂಮುಕ್ಕಾಲು ಗ್ರಾಂ ಅಪರಂಜಿ ಗಾಳಿಗೆ ಹೋಗುತ್ತದೆ. ಯಂತ್ರದಲ್ಲಿ ಇಟ್ಟು ನೋಡಿ ಎಂದರೂ, ಹಬ್ಬದ ಗಿರಾಕಿಗಳ ನಡುವೆ ಅವರಿಗೆ ಬಿಡುವಿರಲಿಲ್ಲ. ಬೆಂಗಳೂರಿನ ನಾಣ್ಯ ವ್ಯಾಪಾರಿಗಳ ಹತ್ತಿರ ಇಂಥ ವಾದ ಬೇಕಾಗುವುದಿಲ್ಲ, ಸೆಂಟೆನಾರಿಯೊ ಎಂದರೆ ಅವರಿಗೆ ತಿಳಿಯುತ್ತದೆ. ಆದರೆ ಅದಕ್ಕಾಗಿ ಬೆಂಗಳೂರಿಗೆ ಹೋಗಬೇಕು.

ತೋಟದವರಿಗೆ ಇನ್ನೂ ಮುಖ್ಯವಾದದ್ದು ಅಡವಿನ ವಿಷಯ. ಮಳೆಗಾಲದ ಕೂಲಿ, ಗೊಬ್ಬರದ ಖರ್ಚಿಗೆ ಒಡವೆ ಅಡವಿಟ್ಟು, ಕಾಫಿ ಮಾರಿದ ಮೇಲೆ ಬಿಡಿಸಿಕೊಳ್ಳುವುದು ನಮ್ಮ ಕಡೆ ವರ್ಷದ ಲೆಕ್ಕವೇ ಆಗಿಹೋಗಿದೆ. ನಾನು ಕೇಳಲು ಹೋದಾಗ ಬ್ಯಾಂಕುಗಳು ಚಿನ್ನದ ಸಾಲ ಕೊಡುತ್ತಿದ್ದದ್ದು ಒಡವೆಗಳ ಮೇಲೆ, ನಾಣ್ಯವಾದರೆ ಬ್ಯಾಂಕುಗಳೇ ಮಾರಿದ ವಿಶೇಷ ನಾಣ್ಯಗಳ ಮೇಲೆ. ಸೆಂಟೆನಾರಿಯೊ ಹಿಡಿದುಕೊಂಡು ಹೋದ ನನಗೆ ವ್ಯವಸ್ಥಾಪಕರು ಅದನ್ನು ಕುತೂಹಲದಿಂದ ನೋಡಿ ಹಿಂದಿರುಗಿಸಿದರು. ಜೊತೆಗೆ ಇದು ಒಂದೇ ಗಟ್ಟಿ. ಹಳೆಯ ಪವನುಗಳಾದರೆ, ಅಂದರೆ ಎಂಟು ಗ್ರಾಂ ತೂಗುವ ಇಂಗ್ಲಿಷ್ ಸವರನ್ನುಗಳಾದರೆ, ಇಷ್ಟೇ ಹಣಕ್ಕೆ ಐದು ಬರುತ್ತವೆ. ಕಷ್ಟಕ್ಕೆ ಒಂದನ್ನು ಮಾರಿ ನಾಲ್ಕನ್ನು ಉಳಿಸಿಕೊಳ್ಳಬಹುದು. ಪವನು ಎಂದರೆ ಏನೆಂದು ನಮ್ಮೂರಿನ ಯಾವ ಚಿನಿವಾರರಿಗೂ ವಿವರಿಸಬೇಕಾಗಿಲ್ಲ. ಬರೀ ಉಳಿತಾಯವೇ ಉದ್ದೇಶವಾಗಿದ್ದರೆ 2015ರಲ್ಲಿ ಬಂದ ನಮ್ಮದೇ ಇಂಡಿಯನ್ ಗೋಲ್ಡ್ ಕಾಯಿನ್ ಇದೆ. ಅಶೋಕ ಚಕ್ರ ಒಂದು ಬದಿ, ಗಾಂಧೀಜಿ ಇನ್ನೊಂದು ಬದಿ, 24 ಕ್ಯಾರೆಟ್, ಹಾಲ್‌ಮಾರ್ಕ್ ಸಹಿತ. 5 ಗ್ರಾಂ, 10 ಗ್ರಾಂಗಳಲ್ಲಿ ಬಂದದ್ದರಿಂದ ಅದು ಸಂಬಳದವರ ಕೈಗೂ ಎಟುಕುತ್ತದೆ. ಅದನ್ನು ನೋಡುತ್ತ ಒಂದು ಸಂಜೆ ಕಳೆಯಲು ಮಾತ್ರ ಆಗುವುದಿಲ್ಲ.

ನನ್ನ ನಾಣ್ಯದ ಸ್ಥಿತಿಯ ಬಗ್ಗೆ ಎರಡು ಮಾತು. ಚೀಲಗಳಲ್ಲಿ ರಾಶಿ ಹಾಕಿ ಸಾಗಿಸಿದ್ದರ ಗುರುತಾಗಿ ದೇವತೆಯ ರೆಕ್ಕೆಯ ಪಕ್ಕದ ಖಾಲಿ ಜಾಗದಲ್ಲಿ ಐದಾರು ಸಣ್ಣ ಗೀರುಗಳಿವೆ, ಹದ್ದಿನ ಎದೆಯ ಮೇಲೆ ಒಂದು ಆಳವಾದ ಕಚ್ಚು ಇದೆ. ಇವು ಇಂಥ ನಾಣ್ಯಗಳಲ್ಲಿ ಸಾಮಾನ್ಯ, ಬೆಲೆಗೆ ಧಕ್ಕೆಯಿಲ್ಲ. ಜುಲೈ ತಿಂಗಳ ಮಳೆಯ ನಂತರ ಅಂಚಿನ ಹತ್ತಿರ ಸಾಸಿವೆಯಷ್ಟು ಕಂದು ಚುಕ್ಕೆಯೊಂದು ಕಾಣಿಸಿಕೊಂಡಿತು. ಮಿಶ್ರಣದ ತಾಮ್ರ ತೇವಕ್ಕೆ ತೋರಿಸುವ ಪ್ರತಿಕ್ರಿಯೆ ಅದು. ಮನೆಯವರು ಹುಣಸೆಹಣ್ಣು ಹಚ್ಚಿ ಉಜ್ಜಲು ಸಿದ್ಧರಾಗಿದ್ದರು, ಸಮಯಕ್ಕೆ ಸರಿಯಾಗಿ ಕಸಿದುಕೊಂಡೆ. ದೀಪಕ್ಕೆ, ಹರಿವಾಣಕ್ಕೆ ಹುಣಸೆಹಣ್ಣು ಸರಿ. ನಾಣ್ಯದ ಮೇಲ್ಮೈಯ ಹೊಳಪು ಒಮ್ಮೆ ಉಜ್ಜಿಹೋದರೆ ಮತ್ತೆ ಬಾರದು, ಸಂಗ್ರಾಹಕರು ಉಜ್ಜಿದ ನಾಣ್ಯವನ್ನು ದೂರದಿಂದಲೇ ಗುರುತಿಸುತ್ತಾರೆ. ಇದಕ್ಕೊಂದು ಕೊಂಡಿ ಬೆಸೆದು ಪದಕ ಮಾಡಿಸಿದರೆ ಕಾಸಿನ ಸರಕ್ಕೆ ಹೊಂದುತ್ತದೆ ಎಂಬ ಸಲಹೆಯೂ ಮನೆಯಲ್ಲಿ ಇನ್ನೂ ಜೀವಂತವಾಗಿದೆ. ಬೆಸುಗೆ ಬಿದ್ದ ನಾಣ್ಯ ನಾಣ್ಯವಾಗಿ ಉಳಿಯುವುದಿಲ್ಲ. ತೀರಾ ಒತ್ತಾಯ ಬಂದರೆ ಬೆಸುಗೆಯಿಲ್ಲದೆ ಅಂಚನ್ನು ಮಾತ್ರ ಹಿಡಿಯುವ ಚೌಕಟ್ಟು ಮಾಡಿಸುವುದು ಎಂದು ಒಪ್ಪಂದವಾಗಿದೆ. ಅಂಚಿನ ಅಕ್ಷರಗಳು ಮರೆಯಾಗುತ್ತವೆ ಎಂಬ ನನ್ನ ತಕರಾರನ್ನು ಯಾರೂ ಕಿವಿಗೆ ಹಾಕಿಕೊಂಡಿಲ್ಲ.

ಕೊಳ್ಳಬೇಕೆನ್ನುವವರು ಒಂದನ್ನು ನೆನಪಿಟ್ಟುಕೊಳ್ಳಲಿ: ಅಂದಿನ 24 ಕ್ಯಾರೆಟ್ ದರವನ್ನು 37.5ರಿಂದ ಗುಣಿಸಿ, ಅದರ ಮೇಲೆ ನೂರಕ್ಕೆ ನಾಲ್ಕೈದಕ್ಕಿಂತ ಹೆಚ್ಚು ಕೇಳಿದರೆ, ಅದರ ಮೇಲಿನ ವರ್ಷ 1921 ಆಗಿರದಿದ್ದರೆ, ಕಾಫಿ ಕುಡಿದು ಎದ್ದು ಬರುವುದು. ನನಗೆ ಮಾರಿದ ಅಂಗಡಿಯವರು ಮೊನ್ನೆ ಸಿಕ್ಕಿದ್ದರು. ಇನ್ನೊಂದು ವಿದೇಶಿ ನಾಣ್ಯ ಬಂದಿದೆ, ಈ ಸಲ ಚೀಟಿ ಬರೆಯುವ ಮೊದಲು ನೀವೇ ಬಂದು ನೋಡಿ ಎಂದರು. ಅದರ ಮೇಲೆ ಯಾವ ವರ್ಷವಿದೆ ಎಂದು ಕೇಳಿದೆ. ಅದನ್ನು ನೋಡಿಲ್ಲ ಸಾರ್, ತೂಕ ಮಾತ್ರ ನೋಡಿದೆ ಎಂದರು.